ಟಿ.ವಿ. ಗೇಮಿಗೆ ಖಂಡೇಪೂಜೆ

“ಕೈ ತಗಿ! ನಾಳೆತನಕ ಅದನ್ನ ಮುಟ್ಟೂಹಂಗಿಲ್ಲ!”

ಅಜ್ಜಿ ಶರಣವ್ವ ಪಾರಿಯ ಕೈ ಮೇಲೆ ಫಟ್ಟನೆ ಒಂದು ಕೊಟ್ಟಳು. ಪಾರಿ ಕೈ ಹಿಂದಕ್ಕೆ ಎಳೆದುಕೊಂಡಳು.

ಎದುರಿಗೆ ಮಣೆಯ ಮೇಲೆ ಹೊಚ್ಚ ಹೊಸ ಟಿ.ವಿ. ಗೇಮ್ ಕೂತಿತ್ತು. ಅಪ್ಪಾಸಾಹೇಬ ಮಾಮಾ ಕುವೈತಿನಿಂದ ನಿನ್ನೆ ತಾನೇ ತಂದುಕೊಟ್ಟದ್ದು. ಬೆಂಗಳೂರಿನ ಅಂಚಿನ ಇಡೀ ಅಟ್ಟೂರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಆದರೆ ಏನು ಮಾಡೋದು, ಅದು ಬಂದ ಮರುದಿನವೇ ಆಯುಧಪೂಜೆ! ಪಾರಿಯ ಮನೆಯವರು ವಿಜಾಪುರದ ಕಡೆಯವರು, ಅದಕ್ಕೆ ಖಂಡೇಪೂಜೆ ಅನ್ನುತ್ತಾರೆ. ಅವತ್ತು ಮನೆಯ ಸಾಮಾನಿಗೆಲ್ಲ ಪೂಜೆ. ಪೂಜೆ ಆಯಿತೆಂದರೆ ಮರುದಿನದವರೆಗೆ ಅವಕ್ಕೆ ರಜೆ.

ಅಪ್ಪನ ಸ್ಪ್ಯಾನರ್, ಅವ್ವನ ಹೊಲಿಗೆ ಮಷೀನ್, ಈಳಿಗೆಮಣೆ, ಟೇಪ್ ರೆಕಾರ್ಡರ್ ಎಲ್ಲ ಸಾಲಾಗಿ ಕೂತಿದ್ದವು. ಅಜ್ಜಿ ಒಂದೊಂದಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟಳು. ಟಿ.ವಿ. ಗೇಮಿನ ವೈರುಗಳನ್ನು ಸುತ್ತಿ, ಅದರ ಮೇಲೆ ಸೇವಂತಿಗೆ ಮಾಲೆ ಬಿಗಿದಳು.

ಬೆಂಗಳೂರಿಗೆ ಬಂದ ಮೇಲೆ ಅಡುಗೆ ಅವ್ವನದು, ಸಂತೆ ಅಪ್ಪನದು. ಖಂಡೇಪೂಜೆ ಮಾತ್ರ ಅಜ್ಜಿಯದು. ಅವತ್ತೊಂದು ದಿನ ಅಪ್ಪ ಕೂಡ ಅಜ್ಜಿ ಹೇಳಿದ ಕಡೆ ಕೂರಬೇಕು, ಏಳು ಅಂದಾಗ ಏಳಬೇಕು. ಅಜ್ಜಿಗೆ ಅದೇ ಖುಷಿ.

ಪಾರಿ ಮಾತ್ರ ಮಣೆಯ ಹತ್ತಿರದಿಂದ ಕದಲಲಿಲ್ಲ. ಬೀದಿಯ ಮಕ್ಕಳ ಮುಂದೆಲ್ಲ ಅವಳು ಕೊಚ್ಚಿಕೊಂಡಿದ್ದಳು: “ನಾಳೆ ಬನ್ರೋ. ಟೇಪ್ ರೆಕಾರ್ಡರ್‌ಗೆ ಕನೆಕ್ಷನ್ ಕೊಟ್ರೆ ಸೌಂಡ್ ಹೆಂಗ್ ಬರತ್ತೆ ಗೊತ್ತಾ? ಯಲಹಂಕದ ತನಕ ಕೇಳ್ಸತ್ತೆ!”

ಸೌಂಡ್ ಬರದಿದ್ದರೆ? ಮರ್ಯಾದೆ ಏನಾಗಬೇಕು?

ಮಧ್ಯಾಹ್ನ ಹೋಳಿಗೆ ಊಟ ಗಡದ್ದಾಗಿ ಆಯಿತು. ಅಪ್ಪ, ಅವ್ವ ಒಳಗೆ ಮಲಗಿದರು. ಅಜ್ಜಿ ಹಾಲಿನಲ್ಲೇ ಗೋಡೆಗೆ ಒರಗಿ ತೂಕಡಿಸತೊಡಗಿದಳು. ಆಗ ಕಿಟಕಿಯಲ್ಲಿ ತಾಹೆರಾಳ ತಲೆ ಕಾಣಿಸಿತು. ತಾಹೆರಾ ಪಾರಿಯ ಕ್ಲಾಸ್‌ಮೇಟ್, ರೇಡಿಯೊ ರಿಪೇರಿ ಅಂಗಡಿಯ ನಜೀರ್ ಅವರ ಮಗಳು.

“ತಂದ್ಯಾ?” ಪಾರಿ ಪಿಸುಗುಟ್ಟಿದಳು.

“ತಂದೆ ಕಣೇ. ಅಬ್ಬಾಗೆ ಗೊತ್ತಾದ್ರೆ ನನ್ ಚರ್ಮ ಸುಲೀತಾರೆ.”

ತಾಹೆರಾ ಮೆಲ್ಲನೆ ಒಳಗೆ ಬಂದು ಲಂಗದ ಮಡಿಕೆಯಿಂದ ಹಳೆಯದೊಂದು ವೈರ್ ತೆಗೆದಳು. ಗೇಮಿನ ಜೊತೆ ಬಂದ ವೈರು ಅಜ್ಜಿಯ ಹೂವಿನ ಕೆಳಗೆ ಸಿಕ್ಕಿಕೊಂಡಿತ್ತಲ್ಲ, ಬಿಚ್ಚಿದರೆ ಸಿಕ್ಕಿಬೀಳುವುದು ಗ್ಯಾರಂಟಿ. ಅದಕ್ಕೇ ಈ ಉಪಾಯ.

“ಟಿ.ವಿ. ಬೇಡ. ಸೌಂಡ್ ಅಷ್ಟೇ ನೋಡೋಣ. ಒಂದೇ ನಿಮಿಷ,” ಅಂದಳು ಪಾರಿ.

ಗೇಮಿಗೆ ಟಾರ್ಚಿನ ಸೆಲ್ ಹಾಕಿದರು. ವೈರಿನ ಒಂದು ಪಿನ್ ಟೇಪ್ ರೆಕಾರ್ಡರಿಗೆ ಹೋಯಿತು. ಇನ್ನೊಂದು ಗೇಮಿನ ತೂತಿಗೆ ಹೋಗಲೊಲ್ಲದು, ಸ್ವಲ್ಪ ದಪ್ಪ. ಪಾರಿ ಹಲ್ಲು ಕಚ್ಚಿ ಒತ್ತಿದಳು. ಹೋಯಿತು! ಸ್ವಿಚ್ ಹಾಕಿದ್ದೇ ತಡ,

“ಟುಯ್ಯ್ ಟುಯ್ಯ್ ಢಂ!”

ಅಬ್ಬಾ, ಮನೆಯೇ ಹಾರಿಹೋದ ಹಾಗಾಯಿತು. ಅಜ್ಜಿ ಮಿಸುಕಾಡಿದಳು. “ಯಾರದು?”

ಪಾರಿ ಗಾಬರಿಯಲ್ಲಿ ವೈರ್ ಹಿಡಿದು ಸರ್‍ರನೆ ಎಳೆದಳು. ತಾಹೆರಾ ಮೇಜಿನ ಕೆಳಗೆ ನುಸುಳಿದಳು.

“ಬೀದ್ಯಾಗ ಪಟಾಕಿ, ಅಜ್ಜಿ. ನೀ ಮಲ್ಕೊ.”

ಅಜ್ಜಿ ಮತ್ತೆ ಕಣ್ಣು ಮುಚ್ಚಿದಳು. ಪಾರಿ ಕೈಯಲ್ಲಿದ್ದ ವೈರ್ ನೋಡಿದಳು. ಪಿನ್ನಿನ ತುದಿ ಇಲ್ಲ! ಗೇಮಿನ ತೂತಿನೊಳಗೆ ಮುರಿದು ಕೂತಿತ್ತು.

“ಸತ್ತೆ,” ಅಂದಳು ಪಾರಿ.

ತಾಹೆರಾ ಬಳಪದ ಕಡ್ಡಿ ಹಾಕಿ ಕೆದಕಿದಳು, ಹೇರ್‌ಪಿನ್ ಹಾಕಿ ಎಳೆದಳು. ಊಹೂಂ. ಪಾರಿಯ ಕಣ್ಣು ಪೂಜೆಯ ತಟ್ಟೆಯ ಮೇಲೆ ಬಿತ್ತು. ಅಲ್ಲಿ ಅಜ್ಜಿ ಕಲಸಿಟ್ಟ ಹಸಿ ಕುಂಕುಮ ಇನ್ನೂ ಇತ್ತು. ಒಂದು ಬೆರಳಲ್ಲಿ ಬಳಿದುಕೊಂಡು ತೂತಿನೊಳಗೆ ತುಂಬಿ, ಮೇಲೆ ನೀಟಾಗಿ ಸವರಿಬಿಟ್ಟಳು. ಈಗ ನೋಡಿದರೆ ಅದೂ ಅಜ್ಜಿ ಇಟ್ಟ ಇನ್ನೊಂದು ಬೊಟ್ಟು.

“ಕೇಡಿ ಕಣೇ ನೀನು!” ಅಂದಳು ತಾಹೆರಾ. ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆ ಓನರ್ ಮುನಿಗಂಗಮ್ಮ ಕೂಡ ಎಲೆ ಅಡಿಕೆ ಹಿಡಿದು ಬಂದು ಕೂತಿದ್ದರು. ಅಪ್ಪ ಪಂಚಪ್ಪ ಟಿ.ವಿ.ಗೆ ಒಂದು ವೈರ್ ಕೊಟ್ಟ. ಪರದೆಯ ಮೇಲೆ ಪುಟ್ಟದೊಂದು ವಿಮಾನ ಬಂತು. ಮಕ್ಕಳೆಲ್ಲ ಹೋ ಅಂದರು. ಸೌಂಡಿನ ವೈರ್ ಹಾಕಲು ಹೋದ ಅಪ್ಪ ಅಲ್ಲೇ ನಿಂತ.

“ಏನವ್ವಾ ಇದು? ತೂತಿನೊಳಗೂ ಕುಂಕುಮ ತುಂಬೀಯಲ್ಲ! ವೈರ್ ಎಲ್ಲಿ ಹಾಕ್ಲಿ?”

ಎಲ್ಲರೂ ಗೊಳ್ಳೆಂದು ನಕ್ಕರು. ಪಾರಿಯೂ ನಕ್ಕಳು, ಸ್ವಲ್ಪ ಜಾಸ್ತಿಯೇ.

“ನಾನs?” ಅಜ್ಜಿ ತನ್ನ ಉಂಗುರ ಬೆರಳನ್ನು ನೋಡಿಕೊಂಡಳು. “ನೋಡೇ ಹಚ್ಚಿದ್ನೆಪಾ...”

“ಏನ್ ನೋಡಿದಿ? ಕಣ್ಣು ಮಂಜಾಗ್ಯಾವು ನಿನಗ. ಸಾಕಿನ್ನು. ಬರೂ ವರ್ಷ ಪೂಜಾ ಸೊಸಿ ಮಾಡ್ತಾಳ. ನೀ ಆರಾಮ ಕುಂತು ನೋಡು.”

ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಎದ್ದು ಅಡುಗೆಮನೆಗೆ ಹೋದಳು.

ಸೌಂಡ್ ಇಲ್ಲದಿದ್ದರೇನು, ಮಕ್ಕಳಿಗೆ ಬಾಯಿ ಇತ್ತಲ್ಲ. ವಿಮಾನ ಗುಂಡು ಹಾರಿಸಿದಾಗಲೆಲ್ಲ ಒಬ್ಬ “ಟುಯ್” ಅಂದರೆ ಹತ್ತು ಜನ “ಢಂ” ಅನ್ನುತ್ತಿದ್ದರು. ಮುನಿಗಂಗಮ್ಮನೂ ಒಂದು ಸಲ “ಢಂ” ಅಂದು, ನಾಚಿ ಸೆರಗು ಬಾಯಿಗಿಟ್ಟುಕೊಂಡರು. ಯಾರೂ ಪಾರಿಯನ್ನು ಸೌಂಡ್ ಎಲ್ಲೇ ಅಂತ ಕೇಳಲಿಲ್ಲ. ಬಚಾವಾದೆ ಅಂದುಕೊಂಡು ಅವಳು ನೀರು ಕುಡಿಯಲು ಒಳಗೆ ಹೋದಳು.

ಅಜ್ಜಿ ಕಿಟಕಿಯ ಬೆಳಕಿಗೆ ಕೂತಿದ್ದಳು. ಕೈಯಲ್ಲಿ ಬೂಂದಿ ಕರಿಯುವ ತೂತಿನ ಸೌಟು, ಪಕ್ಕದಲ್ಲಿ ಕುಂಕುಮದ ಭರಣಿ. ತೂತು ತೂತಿನ ನಡುವೆ ಒಂದೊಂದೇ ಬೊಟ್ಟು ಇಡುತ್ತಿದ್ದಳು.

“ಪಾರವ್ವಾ, ಬಾ ಇಲ್ಲೆ. ತೂತಿಗೆ ಬಿದ್ದಾವೇನ ನೋಡು. ನನಗ ಬ್ಯಾಸರ ಆಗ್ತದಂತ ಸುಳ್ಳ ಹೇಳಬ್ಯಾಡ.”

ಪಾರಿ ಬಗ್ಗಿ ನೋಡಿದಳು. ಒಂದೂ ತೂತಿಗೆ ಬಿದ್ದಿರಲಿಲ್ಲ.

“ಎಲ್ಲಾ ಬರೊಬ್ಬರಿ ಅದಾವ, ಅಜ್ಜಿ.”

“ಹಂಗಾದ್ರ ಆ ಗೇಮಿನಾಗ ಹೆಂಗ ಬಿತ್ತು?”

ಅಜ್ಜಿ ನಿಜವಾಗಿಯೂ ಕೇಳುತ್ತಿದ್ದಳು. ಪಾರಿ ಕೈಯಲ್ಲಿದ್ದ ನೀರಿನ ಲೋಟ ಕುಕ್ಕಿದವಳೇ ಹಾಲಿಗೆ ಓಡಿದಳು.

“ಅಪ್ಪಾ! ಅಜ್ಜಿ ಹಚ್ಚಿಲ್ಲ! ನಾನೇ ತುಂಬಿದ್ದು. ನಿನ್ನೆ ಸೌಂಡ್ ನೋಡಾಕ ಹೋಗಿ ಪಿನ್ ಮುರೀತು. ಅದಕ್ಕ...”

ಟುಯ್ ಅನ್ನುತ್ತಿದ್ದವರ ಬಾಯಿ ಹಾಗೇ ನಿಂತಿತು.

“ವೈರ್ ನಂದು, ಅಂಕಲ್,” ಅಂದಳು ತಾಹೆರಾ, ಮೂಲೆಯಿಂದ ಸಣ್ಣ ದನಿಯಲ್ಲಿ.

ಅಪ್ಪ ಎದ್ದ. ಪಾರಿ ಕಣ್ಣು ಮುಚ್ಚಿ ಕೆನ್ನೆ ಸಿದ್ಧ ಮಾಡಿಕೊಂಡಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅಪ್ಪ ಅವಳನ್ನು ದಾಟಿ, ಬಾಗಿಲಲ್ಲಿ ಬಂದು ನಿಂತ ಅಜ್ಜಿಯ ಮುಂದೆ ನಿಂತಿದ್ದ.

“ತಪ್ಪಾತವ್ವಾ. ತಿಳೀದ ಅಂದ್ಬಿಟ್ಟೆ.”

ಅಪ್ಪ ತಲೆ ತಗ್ಗಿಸಿದ್ದನ್ನು ಪಾರಿ ಎಂದೂ ನೋಡಿರಲಿಲ್ಲ. ತಪ್ಪು ಮಾಡಿದ್ದು ತಾನು, ಕ್ಷಮೆ ಕೇಳುತ್ತಿರುವುದು ಅಪ್ಪ. ಒಂದು ಏಟು ಬಿದ್ದಿದ್ದರೇ ಚೆನ್ನಾಗಿತ್ತು.

ಅಜ್ಜಿಗೆ ಮಾತ್ರ ಸಿಟ್ಟು ಮಾಡಲು ಪುರುಸೊತ್ತೇ ಇರಲಿಲ್ಲ. ಸೌಟು ಎತ್ತಿ ಮುನಿಗಂಗಮ್ಮನ ಮೂಗಿನ ಹತ್ತಿರ ಹಿಡಿದಿದ್ದಳು.

“ನೋಡ್ರಿ! ಒಂದರ ತೂತಿಗೆ ಬಿದ್ದದೇನ? ನನ್ನ ಕಣ್ಣಿಗೆ ಏನಾಗೇದ?”

“ಏನೂ ಆಗಿಲ್ಲ ಬುಡಿ ಶರಣಮ್ಮ. ನಮ್ಗಿಂತ ಚೆಂದಾಗವೆ.”

ಯಾರೋ ಪಾರಿಯನ್ನು ತಿವಿದರು. “ನಿನ್ ಟರ್ನ್ ಕಣೇ, ಆಡು.”

ಪಾರಿ ಗೇಮಿನ ಹ್ಯಾಂಡಲ್ ತೆಗೆದುಕೊಂಡಳು. ಅದನ್ನು ಹಿಡಿದು ಅಜ್ಜಿಯ ಹತ್ತಿರ ಹೋಗಿ, ಸೌಟು ಇಸಿದುಕೊಂಡು, ಹ್ಯಾಂಡಲನ್ನು ಅವಳ ಕೈಗೆ ಇಟ್ಟಳು.

“ನೀ ಆಡು, ಅಜ್ಜಿ. ಸೌಂಡ್ ನಾ ಮಾಡ್ತೀನಿ.”

ಅಜ್ಜಿ ಹ್ಯಾಂಡಲ್ ತಿರುವಿದ್ದೇ, ವಿಮಾನ ನೇರ ಹೋಗಿ ಗುಡ್ಡಕ್ಕೆ ಬಡಿಯಿತು. ಪಾರಿ “ಢಂ” ಅಂದಳು. ಅಜ್ಜಿ ಕಿಲಕಿಲ ನಕ್ಕು ಮತ್ತೆ ತಿರುವಿದಳು. ಪಾರಿ ಮೂಗು ಒರೆಸಿಕೊಂಡು, ಈ ಸಲ ಇನ್ನಷ್ಟು ಜೋರಾಗಿ “ಟುಯ್ಯ್” ಅಂದಳು.