ಅಗಳು ಹೊಲದ ಕೋಟೆ

ಕ್ವಾರಿಯ ಟಿಪ್ಪರ್ ನನ್ನ ಬೈಕಿಗೆ ಹತ್ತೇ ಅಡಿ ಹಿಂದಿತ್ತು!

ಬ್ಲಫ್ ಊರಿನ ಇಳಿಜಾರು. ಬಲಕ್ಕೆ ಪ್ರಪಾತ. ಜೇಬಿನಲ್ಲಿ ಕೋರ್ಟಿನ ಸ್ಟೇ. ಗಂಟೆ ಮಧ್ಯಾಹ್ನ ಮೂರೂಮುಕ್ಕಾಲು. ನಾಲ್ಕಕ್ಕೆ ಕ್ವಾರಿಯವರು ಹೊಳೆದಿಣ್ಣೆಯನ್ನು ಸಿಡಿಸುತ್ತಾರೆ...

ಗಕ್ಕನೆ ಎಡಕ್ಕೆ, ಕಬ್ಬಿನ ಗದ್ದೆಗೆ ನುಗ್ಗಿಸಿದೆ. ಟಿಪ್ಪರ್ ನಿಲ್ಲಲಾರದೆ ಮುಂದೆ ಹೋಯಿತು. ನನ್ನ ಮೊಣಕೈ ಕಿತ್ತು ರಕ್ತ. ಬೈಕ್ ಎತ್ತಿದೆ. ಹೊರಟೆ.

ನಾನು ಯತೀಶ್, ಸಾರ್. ಮೊದಲು ವಿಲೇಜ್ ಅಕೌಂಟೆಂಟ್ ಆಗಿದ್ದೆ. ಮೇಲಿನವರ ಜೊತೆ ಜಗಳವಾಡಿ ಬಿಟ್ಟೆ. ಈಗ ಮಳವಳ್ಳಿಯಲ್ಲಿ ಜಮೀನಿನ ತಕರಾರು ಬಿಡಿಸುವುದು ನನ್ನ ಕಸುಬು. ಬಿಟ್ಟಿ ಕೆಲಸ ಮಾಡುವ ಆಸಾಮಿ ಅಲ್ಲ.

ಇದು ಬಿಟ್ಟಿ ಕೆಲಸ. ಕೇಳಿದವಳು ಶೋಭಿತಾ.

ಎಂಟು ವರ್ಷದ ಹಿಂದೆ ನಮ್ಮ ಮದುವೆ ಆಗಬೇಕಿತ್ತು. ಅವಳ ಜಾತಿ ಎತ್ತಿ ನಮ್ಮಪ್ಪ ಕೂಗಾಡಿದ. ನಾನು ತಲೆ ತಗ್ಗಿಸಿ ನಿಂತೆ. ಪುಕ್ಕಲ! ಆ ಸಂಕಟ ಇವತ್ತಿಗೂ ಹೋಗಿಲ್ಲ.

ಅವಳೀಗ ಪುರಾತತ್ವ ಸಂಶೋಧಕಿ. ಊರವರು ಅಗಳು ಹೊಲ ಅನ್ನುವ ಆ ದಿಣ್ಣೆಯನ್ನು ನಾಲ್ಕು ವರ್ಷ ಅಡಿ ಅಡಿ ಅಳೆದಿದ್ದಳು. ಮೂರು ಕಡೆ ಕಾವೇರಿ. ನಾಲ್ಕನೇ ಕಡೆ ಕಿರಿದಾದ ನೆಲ. ಅದಕ್ಕೆ ಅಡ್ಡಲಾಗಿ ಮುಚ್ಚಿಹೋದ ಕಂದಕ, ಹಿಂದೆ ಕಲ್ಲುಗೋಡೆ, ಮಡಕೆ ಚೂರುಗಳು.

"ಸಮುದ್ರದ ದಂಡೇಲಿ ಇಂಥ ಕೋಟೆ ಕಟ್ತಿದ್ರು ಕಣೋ. ಇದು ಹೊಳೆ ಮೇಲಿಂದು! ಎರಡು ಸಾವಿರ ವರ್ಷ ನಿಂತದೆ. ಉಳಿಸ್ಕೊಡು ನೀನು" ಅಂದಿದ್ದಳು.

ನೀನು... ಆ ಒಂದು ಮಾತಿಗೆ ನಾನು ಸಾಯಲೂ ತಯಾರಿದ್ದೆ.

ಕ್ವಾರಿ ಗೇಟು. ಸೈರನ್ ಕೂಗುತ್ತಿತ್ತು. ಮಾಲೀಕ ಪ್ರಸನ್ನ ಅಡ್ಡ ಬಂದ.

"ನಿಲ್ಸಲಾ! ಸ್ಟೇ ಬಂದದೆ!" ಅಂತ ಕೂಗಿದೆ.

ಕಾಗದ ಕಿತ್ತುಕೊಂಡ. ಮುಖ ಬಿಳಿಚಿತು. ಮತ್ತೆ ಓದಿದ. ನಕ್ಕ!

"ಇದ್ರಲ್ಲಿ ಅಗಳು ಹೊಲ ಅಂತ ಬರ್ದವ್ರೆ. ನನ್ ಲೈಸೆನ್ಸು ಹಗಲು ಹೊಲುಕ್ಕೆ! ರೆಕಾರ್ಡ್ ನೋಡ್ಲಾ!"

"ಎಲ್ಡೂ ಒಂದೇ ಕಣ್ಲಾ!"

"ಅಂಗಂತ ಎಲ್ಲಿ ಬರ್ದದೆ?"

ಹಳೇ ರಿಜಿಸ್ಟರಿನ ಜೆರಾಕ್ಸ್ ಮುಖಕ್ಕೆ ಹಿಡಿದ. 'ಹಗಲು ಹೊಲ.' ಕೆಳಗೆ ಸಹಿ.

ನನ್ನ ಸಹಿ!

ಹನ್ನೆರಡು ವರ್ಷದ ಹಿಂದಿನದು. ಆ ದಿಣ್ಣೆಯ ಹೆಸರು ಬರೆಸಲು ಶೋಭಿತಾಳ ಅಪ್ಪ ದೊಡ್ಡಸಿದ್ದಯ್ಯ ನನ್ನ ಟೇಬಲ್ಲಿನ ಮುಂದೆ ನಿಂತು ಹೇಳಿದ್ದರು. "ಅಗಳು ಒಲ ಅಂತ ಬರ್ಕೊಳಿ ಸ್ವಾಮಿ."

ನಮ್ಮ ಸೀಮೆಯಲ್ಲಿ 'ಹ' ನುಂಗುತ್ತಾರೆ. 'ಒಲ' ಅಂದರೆ ಹೊಲ. ಹಾಗಾದರೆ 'ಅಗಳು' ಅಂದರೆ ಹಗಲು ಇರಬೇಕು ಅಂದುಕೊಂಡೆ. ಓದಿದವನಲ್ಲವೇ, ತಿದ್ದಿದೆ! ಅಗಳು ಅಂದರೆ ಕೋಟೆಯ ಸುತ್ತಿನ ಕಂದಕ ಅಂತ ಆ ಮುದುಕರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅವರನ್ನು ಕೇಳಲೂ ಇಲ್ಲ.

"ಪ್ರಸನ್ನ, ಕಾಲಿಗ್ ಬೀಳ್ತೀನಿ. ಒಂದ್ ದಿನ ಬುಡು!"

"ಮದ್ದು ತುಂಬಿ ಆಯ್ತು. ಓಗ್ಲಾ!"

ಅವನನ್ನು ತಳ್ಳಿ ಓಡಿದೆ. ಇಬ್ಬರು ಹಿಡಿದು ನೆಲಕ್ಕೆ ಒತ್ತಿದರು. ಬಾಯಿಗೆ ಮಣ್ಣು...

ಢಂ!

ಧೂಳು ಹೊಳೆಯವರೆಗೂ ಹೋಯಿತು.

ಜನ ಬರದಂತೆ ಕಟ್ಟಿದ್ದ ಹಗ್ಗದಾಚೆ ಶೋಭಿತಾ ನಿಂತಿದ್ದಳು. ಕೈಯಲ್ಲಿ ಅಳತೆ ಟೇಪು. ಹೇಳದೆ ಇರಬಹುದಿತ್ತು. ಹೇಳಿಬಿಟ್ಟೆ.

"ಹಗಲು ಅಂತ ಬರ್ದವನು ನಾನೇ, ಶೋಭಿ."

ಅವಳು ಬಯ್ಯಲಿಲ್ಲ. ಅಳಲೂ ಇಲ್ಲ.

"ಅಪ್ಪ ಸರಿಯಾಗೇ ಹೇಳಿದ್ರಾ?"

"ಹ್ಞೂಂ."

"ಸರಿ. ನೀವು ಹೊರಡಿ."

ನೀವು! ಟಿಪ್ಪರ್ ನನ್ನ ಮೇಲೆ ಹತ್ತಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಕ್ವಾರಿ ಗೇಟಿನಲ್ಲೇ ಕೂತು ಅತ್ತೆ ಸಾರ್. ಪ್ರಸನ್ನನ ಆಳುಗಳೇ ನೀರು ಕೊಟ್ಟರು.

ಮರುದಿನ ತಾಲೂಕು ಕಚೇರಿಗೆ ಹೋಗಿ ಹೆಸರು ತಿದ್ದುಪಡಿಗೆ ಅರ್ಜಿ ಹಾಕಿದೆ. ಗುಮಾಸ್ತೆ ಸೌಮ್ಯ ಸ್ಥಳದ ಫೋಟೊ ನೋಡಿದಳು.

"ಒಲ ಎಲ್ಲದೆ ಸಾರ್? ಬರೀ ಅಳ್ಳ ಕಾಣ್ತದೆ!"

"ಹೊಲ ಅನ್ನೋದ ಹೊಡ್ದಾಕಮ್ಮ. ಬರೀ ಅಗಳು ಅಂತ ಬರ್ಕೊ... ರೆಕಾರ್ಡಿಗೂ ಸ್ಥಳಕ್ಕೂ ಈಗ ಸರಿಯಾಗಿ ತಾಳೆ ಆಯ್ತದೆ."