ಕಂದಿದ ತೋಳು

"ಒಳಗೆ ಬನ್ನಿ... ಪಾಪಾ ನಿಮ್ಮನ್ನೇ ಕೇಳ್ತಾ ಇದೆ."

ಎರಡು ವರ್ಷದ ಮೇಲೆ ಗಂಡನ ಮುಖ ಕಂಡ ಸತ್ಯಾಳ ಬಾಯಿಂದ ಬಂದದ್ದು ಇಷ್ಟೇ! ಎದೆ ಮಾತ್ರ ಮಗ್ಗದಂತೆ ಬಡಿದುಕೊಳ್ಳುತ್ತಿತ್ತು.

ಕೊಯಮತ್ತೂರಿನ ಆ ಆಸ್ಪತ್ರೆಯ ವಾರ್ಡಿನ ಹೊರಗೆ ದಂಡಪಾಣಿ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ. ಮಗಳಿಗೆ ನಾಳೆ ಆಪರೇಷನ್ ಎಂದು ಅವಳು ಹೇಳಿ ಕಳುಹಿಸಿದ್ದಕ್ಕೆ, ಗಾಂಧಿಪುರಂನ ಸೀರೆ ಅಂಗಡಿಯ ಕೆಲಸ ಬಿಟ್ಟು ಓಡಿ ಬಂದಿದ್ದ.

"ಒಳಗೆ ಚೆನ್ನಿಯಪ್ಪನ್ ಮಾಮ, ನಮ್ಮ ಬೀದಿಯವರೆಲ್ಲ ಇದ್ದಾರೆ. ಅವರ ಕಣ್ಣಿಗೆ ನಾನು ಮಗೂನ ಹೊಡೆದವನು. ಇಲ್ಲೇ ಇರ್ತೀನಿ, ಬಿಡು."

ಸತ್ಯಾ ತಲೆ ತಗ್ಗಿಸಿದಳು. ಹಾಗೆಂದು ಸಾರಿದವಳು ಅವಳೇ ಅಲ್ಲವೇ?

ಅಂದು ಮಗಳು ಯಾಳಿನಿಯ ತೋಳು, ಕಾಲಿನ ತುಂಬ ನೀಲಿ ಕಲೆಗಳು. ಇಡೀ ದಿನ ಮಗುವಿನ ಜೊತೆ ಇದ್ದವನು ಅಪ್ಪ ಒಬ್ಬನೇ. ವಿಚಾರಿಸುವ ತಾಳ್ಮೆ ಎಲ್ಲಿತ್ತು ಈ ಮಹಾತಾಯಿಗೆ! ದಂಡಪಾಣಿ ಅಂದೇ ಮನೆ ಬಿಟ್ಟ.

ಅವನು ಹೋದ ಮೇಲೂ ಕಲೆಗಳು ಬಂದವು...

ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ತೀರಾ ಕಡಿಮೆ; ಸುಮ್ಮನೆ ಮುಟ್ಟಿದರೂ ಕಲೆ ಬೀಳುವ ಕಾಯಿಲೆ. ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗಲಿಲ್ಲ. ಹೊಟ್ಟೆಯೊಳಗಿನ ಗುಲ್ಮವೆಂಬ ಅಂಗವೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತಿದೆ, ಅದನ್ನು ತೆಗೆದರೆ ಗುಣವಾಗಬಹುದು ಎಂದಿದ್ದರು ಡಾಕ್ಟರು. ಎಲ್ಲ ತಿಳಿದ ಮೇಲೂ ತನ್ನ ತಪ್ಪನ್ನು ಬೀದಿಯವರೆದುರು ಒಪ್ಪಿಕೊಳ್ಳಲು ಸತ್ಯಾಳಿಗೆ ಬಾಯಿ ಬಂದಿರಲಿಲ್ಲ.

"ನಂದೇ ತಪ್ಪು... ಮನ್ನಿಸ್ಬಿಡಿ."

"ಈಗ ಮನೆ ಮಾತು ಕನ್ನಡದಲ್ಲಿ, ಮೆಲ್ಲಗೆ ಹೇಳ್ತೀಯ ಸತ್ಯಾ. ಅವತ್ತು ಬೀದಿಗೆಲ್ಲ ಅರ್ಥ ಆಗ್ಲಿ ಅಂತ ತಮಿಳಲ್ಲಿ ಕೂಗ್ದೆ." ಅವನು ತನ್ನ ಅಂಗೈ ನೋಡಿಕೊಂಡ. "ಆಮೇಲೆ ನಂಗೇ ಸಂದೇಹ ಬಂತು... ಎತ್ಕೊಂಡಾಗ ಗಟ್ಟಿಯಾಗಿ ಹಿಡಿದ್ನೋ ಏನೋ ಅಂತ. ನನ್ನ ಕೈ ನೋಡಿದ್ರೆ ನಂಗೇ ಭಯ!"

ಅಯ್ಯೋ! ಎಂಥ ಮನುಷ್ಯನನ್ನು ಹೀಗೆ ಮಾಡಿಬಿಟ್ಟೆ...

ಸತ್ಯಾ ಸರಸರನೆ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತಳು.

"ಎಲ್ಲಾರುಂ ಕೇಳುಂಗ! ಅವರು ಪಾಪಾವೆ ಅಡಿಕ್ಕವೇ ಇಲ್ಲೆ. ನಾನ್‌ದಾನ್ ತಪ್ಪಾ ಸೊನ್ನೇನ್!"

ಗಂಡ ಮಗುವಿನ ಮೇಲೆ ಕೈ ಮಾಡಿರಲೇ ಇಲ್ಲ, ಇಲ್ಲದ್ದನ್ನು ಹೊರಿಸಿದವಳು ತಾನು ಎಂದು ತಮಿಳಿನಲ್ಲೇ ಕೂಗಿ ಹೇಳಿದಳು. ನರ್ಸುಗಳೂ ತಿರುಗಿ ನೋಡಿದರು. ನಾಚಿಕೆಯಿಂದ ಮುಖ ಉರಿಯಿತು. ಆದರೂ ಕದಲಲಿಲ್ಲ.

ಚೆನ್ನಿಯಪ್ಪನ್ ಎದ್ದು ಬಂದು, ದಂಡಪಾಣಿಯ ಭುಜ ಹಿಡಿದು ಒಳಗೆ ಕರೆತಂದರು.

"ಅಪ್ಪಾ... ಎತ್ಕೋ!" ಯಾಳಿನಿ ಕೈ ಚಾಚಿದಳು.

ಅವನು ಮುಟ್ಟಲಿಲ್ಲ. "ಸತ್ಯಾ... ಮತ್ತೆ ಕಂದಿದ್ರೆ?"

"ಕಂದ್ಲಿ. ಕೇಳಿದವರಿಗೆ ನಾನು ಹೇಳ್ತೀನಿ." ಅವನ ಎರಡೂ ಕೈ ಹಿಡಿದು ಮಗಳ ಬೆನ್ನಿಗೆ ಆನಿಸಿದಳು.

"ಏನಂತ?"

"ಅವಳ ಅಪ್ಪ ಮನೆಗೆ ಬಂದಿದ್ದಾರೆ, ಎತ್ಕೊಂಡಿದ್ರು ಅಂತ... ಬರ್ತೀರಲ್ಲ?"

ದಂಡಪಾಣಿ ಮಗಳನ್ನು ಎದೆಗೆತ್ತಿಕೊಂಡು, ಸತ್ಯಾಳ ಭುಜಕ್ಕೆ ಹಣೆಯಿಟ್ಟು ಅತ್ತುಬಿಟ್ಟ.

"ಪಾಪಾಗೆ ವಾಸಿಯಾಗ್ಲಿ... ಮೂವರೂ ಸೇರಿ ಮನೆಗೆ ಹೋಗೋಣ ಸತ್ಯಾ."