ಜವೆಗೋಧಿಯ ಒಂದು ತುಂಡು

ಆಗಿಬರಲ್ಲವಂತೆ ಎಂದು ಅಕ್ಕ ಬಂದು ಹೇಳಿದಾಗ, ಹಿಟ್ಟು ನಾದುತ್ತಿದ್ದ ಬೇಕರಿಯವನ ಕೈ ಹಾಗೇ ನಿಂತಿತು. ಎದುರಿನ ಕನ್ನಡಕದ ಅಂಗಡಿಯವಳಿಗೆ ಅವನು ಅಕ್ಕನ ಕೈಲಿ ಬಿಸಿ ಬ್ರೆಡ್ ಕಳಿಸಿದ್ದ. ಬ್ರೆಡ್ ಬರೀ ನೆಪ, ಕಳಿಸಿದ್ದು ಮನಸ್ಸನ್ನೇ ಅನ್ನಿ. ನಮ್ಮ ತಮ್ಮ ನಿಮಗೆ ಅಂತಲೇ ಮಾಡಿದ್ದು ಎಂದು ಅಕ್ಕ ಕಣ್ಣು ಮಿಟುಕಿಸಿದರೆ, ಅವಳು ಕೆಂಪಾಗಿ, ಬೇಜಾರು ಮಾಡ್ಕೋಬೇಡಿ, ನಂಗೆ ಆಗಿಬರಲ್ಲ ಅಂದಳಂತೆ. ಏನು ಆಗಿಬರಲ್ಲ, ಯಾರು ಆಗಿಬರಲ್ಲ, ಅಕ್ಕ ಕೇಳಿರಲಿಲ್ಲ. ಅವಳಿಗೆ ಅರ್ಧ ಮಾತು ಸಾಕು, ಉಳಿದರ್ಧ ತಾನೇ ಸೇರಿಸಿಕೊಳ್ಳುತ್ತಾಳೆ.

ವಾರವಿಡೀ ಅವನು ಬೀದಿಯ ಆ ಬದಿಗೆ ತಲೆ ಎತ್ತಲಿಲ್ಲ. ಕೊನೆಗೆ ತಡೆಯಲಾರದೆ, ಚೆನ್ನಾಗಿಯೇ ಇದ್ದ ಕಣ್ಣುಗಳನ್ನು ಪರೀಕ್ಷೆ ಮಾಡಿಸಿಕೊಳ್ಳಲು ಹೋದ.

ಅರೆಗತ್ತಲ ಕೋಣೆ. ಅವನ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಅವಳು ಕೇಳುತ್ತಿದ್ದಳು. ಅವನಿಗೆ ಎಲ್ಲದರಲ್ಲೂ ಅವಳೇ ಕಾಣುತ್ತಿದ್ದಳು.

"ನಾನು ಯಾಕೆ ಆಗಿಬರಲ್ಲ?" ಅಂದುಬಿಟ್ಟ.

ಗಾಜು ಹಿಡಿದ ಬೆರಳು ಅವನ ಕೆನ್ನೆಯ ಬಳಿ ತಡೆದು ನಿಂತಿತು. "ನೀವಾ? ಗೋಧಿ ಕಣ್ರೀ. ತಿಂದ್ರೆ ಹೊಟ್ಟೆ ಉಬ್ಬುತ್ತೆ."

ನಕ್ಕಳು. ಆಮೇಲೆ ನಗು ಮೆಲ್ಲಗೆ ಇಳಿಯಿತು. ಡಾಕ್ಟರು ಪರೀಕ್ಷೆ ಮಾಡಿ ದೊಡ್ಡ ಕಾಯಿಲೆಯೇನಲ್ಲ ಅಂದಿದ್ದರೂ, ತಿಂದ ದಿನವೆಲ್ಲ ಒದ್ದಾಟವಂತೆ. "ಬ್ರೆಡ್ ತಿನ್ನೋಕಾಗದೋಳು ಬೇಕರಿಯವರನ್ನ ನೋಡ್ಕೊಂಡು ಕೂತ್ರೆ ಏನು ಬಂತು, ಹೇಳಿ."

ನೋಡಿಕೊಂಡು ಕೂತಿದ್ದಾಳೆ ಹಾಗಾದರೆ! ಅವನು ಬೀದಿ ದಾಟಿದ್ದು ನಡೆದೋ ತೇಲಿಯೋ, ಅವನಿಗೇ ಗೊತ್ತಿಲ್ಲ.

ಹುಡುಕಾಡಿ ಜವೆಗೋಧಿ ತರಿಸಿದ. ಬಹಳ ಹಳೆಯ ತಳಿ. ಮಾಮೂಲಿ ಗೋಧಿ ಒಗ್ಗದ ಕೆಲವರಿಗೆ ಇದು ಒಗ್ಗುತ್ತದೆ, ಕೆಲವರಿಗೆ ಇಲ್ಲ. ಹಿಟ್ಟೋ ಮಹಾ ಹಟಮಾರಿ, ಕೈಗೆ ಅಂಟುತ್ತದೆ, ಉಬ್ಬಲು ಒಲ್ಲೆ ಅನ್ನುತ್ತದೆ. ಅವನು ಅವಸರ ಮಾಡದೆ ಅದನ್ನು ನಿಧಾನಕ್ಕೆ ಹುಳಿಬರಲು ಬಿಟ್ಟ, ಕಾಯುತ್ತ ಕನಸು ಕಂಡ. ಬೆಂದದ್ದು ಮುಷ್ಟಿಯಷ್ಟು ಗಟ್ಟಿ ಬ್ರೆಡ್ಡು.

ಸಂಜೆಯ ಹೊಂಬಿಸಿಲಲ್ಲಿ ಅದನ್ನು ಅವಳ ಮುಂದಿಟ್ಟ.

"ಒಂದೇ ತುಂಡು ತಿನ್ನಿ. ಒಗ್ಗದಿದ್ರೆ ಬಿಡಿ, ನಿಮಗೋಸ್ಕರ ಜೀವನಪೂರ್ತಿ ಅಕ್ಕಿಹಿಟ್ಟು ಬೇಯಿಸ್ತೀನಿ."

ಅವಳು ಬ್ರೆಡ್ಡು ನೋಡಲಿಲ್ಲ. ಅವನನ್ನೇ ನೋಡುತ್ತ, ನಿಧಾನವಾಗಿ ಅಗಿದು ತಿಂದಳು.

ಬೆಳಿಗ್ಗೆ ಅವನು ಬಾಗಿಲು ತೆಗೆದರೆ ಅವಳು ನಿಂತಿದ್ದಳು, ಕಣ್ಣು ಕೆಂಪಗೆ. ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದಳು. ತುಂಬಾ ನೋವಾಯಿತೇ ಎಂದು ಕೇಳಿದ.

"ಹೊಟ್ಟೆ ತೆಪ್ಪಗೆ ಮಲಗಿತ್ತು ಕಣ್ರೀ. ನಾನೊಬ್ಬಳೇ ಎದ್ದಿದ್ದೆ, ನಿಮ್ಮನ್ನ ನೆನೆಸ್ಕೊಂಡು."